‘ಗಂಡಸ್ರಿಗೆ ಯಾವ ಕಾಯ್ದೆ ಐತ್ರಿ ಮೇಡಮ್ಮಾರ?’

ಧಾರವಾಡದಲ್ಲಿ ವಕೀಲಿ ಮಾಡುವ ಹೆಣ್ಣುಮಗಳು ನಾನು. ನನ್ನ ಕಡೆ ಬರುವವು ಹೆಚ್ಚಾಗಿ ಗಂಡ-ಹೆಂಡತಿ ಪ್ರಕರಣಗಳು. ಹಿಂಗಾಗಿ ಮದುವೆ ಊಟದ ಪಂಕ್ತಿಯಲ್ಲಿ ಕೂತರೂ, ಸಿಬಿಟಿಯಲ್ಲಿ ಬಸ್ಸಿಗೆ ನಿಂತರೂ ಯಾರಾದರೊಬ್ಬರು ಈ ಮಾತು ತೆಗೆದೇ ತೆಗೆಯುತ್ತಾರೆ: “ಕಾಯ್ದೆ ಎಲ್ಲಾ ಹೆಣ್ಮಕ್ಕಳ ಕಡೇನ ಅದಾವು. ಗಂಡಸ್ರಿಗೆ ಯಾವ ಕಾಯ್ದೆ ಐತ್ರಿ ಮೇಡಮ್ಮಾರ?”

ಕೆಲವರು ಕೆಣಕಲಿಕ್ಕೆ ಕೇಳುತ್ತಾರೆ, ಕೆಲವರು ನಿಜಕ್ಕೂ ನೊಂದು ಕೇಳುತ್ತಾರೆ. ಈ ಉತ್ತರ ಎರಡನೆಯವರಿಗೆ. ಗಂಡಸರಿಗೆ ಅನ್ಯಾಯ ಆಗುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದನ್ನು ಯಾರು ಮಾಡುತ್ತಾರೆ ಎಂಬಲ್ಲಿ ನನ್ನ ಲೆಕ್ಕ ನಿಮ್ಮದಕ್ಕಿಂತ ಬೇರೆ.

ಮೊದಲು ಬಸ್ಸಿನ ವಿಷಯ ಮುಗಿಸಿಬಿಡುತ್ತೇನೆ. 2023ರ ಜೂನ್ 11ಕ್ಕೆ ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾದಾಗ, ವಾಯವ್ಯ ಸಾರಿಗೆಯೂ ಸೇರಿದಂತೆ ಮೂರು ನಿಗಮಗಳ ಬಸ್ಸಿನಲ್ಲಿ ಅರ್ಧ ಸೀಟು ಗಂಡಸರಿಗೆ ಮೀಸಲೆಂದು ಸರ್ಕಾರವೇ ಹೇಳಿತ್ತು. ಆ ಸೀಟು ಸಿಗುತ್ತದೋ ಇಲ್ಲವೋ ಎಂಬುದು ಕಂಡಕ್ಟರ್ ಮತ್ತು ದೇವರಿಗೆ ಬಿಟ್ಟದ್ದು. ರೊಕ್ಕ ಕೊಟ್ಟೂ ನಿಂತು ಹೋಗುವವನ ಸಿಟ್ಟು ನ್ಯಾಯದ್ದೇ. ಆದರೆ ಅದು ಬಸ್ಸು ಸಾಲದ್ದಕ್ಕೆ ಬರಬೇಕಾದ ಸಿಟ್ಟು. ಇನ್ನು ಕೆಲವರ ಸಂಕಟ ಬೇರೆಯೇ ಇದೆ ಎಂದು ನನ್ನ ಗುಮಾನಿ: ಹೆಂಡತಿ ಈಗ ಬಸ್ ಚಾರ್ಜಿಗೆ ಕೈಚಾಚದೆ ಲಕ್ಷ್ಮೇಶ್ವರದ ತವರಿಗೆ ಹೋಗಿ ಬರುತ್ತಾಳೆ.

ಮುಂದಿನದು, ಎಲ್ಲರೂ ದನಿ ತಗ್ಗಿಸಿ ಹೇಳುವ ‘ಫೋರ್ ನೈಂಟಿ ಎಯ್ಟ್’. ವರದಕ್ಷಿಣೆಗಾಗಿ ಸೊಸೆಯಂದಿರನ್ನು ಸುಡುತ್ತಿದ್ದ ಕಾಲದಲ್ಲಿ, 1983ರಲ್ಲಿ, ಹೆಂಡತಿಯ ಮೇಲೆ ಗಂಡ ಮತ್ತು ಅವನ ಕಡೆಯವರು ಎಸಗುವ ಕ್ರೌರ್ಯವನ್ನು ಶಿಕ್ಷಿಸುವ 498ಎ ಕಲಮು ದಂಡಸಂಹಿತೆಗೆ ಸೇರಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿ ಮುಂದುವರಿದಿದೆ. ದುರುಪಯೋಗ ಆಗುತ್ತದೆಯೇ? ಆಗುತ್ತದೆ. ಗಂಡ ಹೊಡೆದನೆಂಬ ದೂರಿನಲ್ಲಿ ಹಾಸಿಗೆ ಹಿಡಿದ ಆಯಿ, ಮದುವೆಯಾಗಿ ಸೊಲ್ಲಾಪುರದಲ್ಲಿರುವ ನಾದಿನಿ, ಪಿಯುಸಿ ಓದುವ ಮೈದುನ ಎಲ್ಲರ ಹೆಸರೂ ಇದ್ದದ್ದನ್ನು ನೋಡಿದ್ದೇನೆ. ಬಹಳ ಸಲ ಆ ಹೆಸರುಗಳು ನೊಂದ ಹುಡುಗಿಯ ಬಾಯಿಂದ ಬಂದಿರುವುದಿಲ್ಲ. ದೂರು ಬರೆದುಕೊಡುವವರು “ಎಲ್ಲಾರ್ನೂ ಹಾಕ್ರಿ, ಲಗೂನ ಮಾತುಕತಿಗೆ ಬರ್ತಾರ” ಅಂತ ಸೇರಿಸಿರುತ್ತಾರೆ. ಅದು ನಮ್ಮ ಕಸುಬಿಗೆ ಅಂಟಿದ ಚಟ. ಬೈಯುವುದಿದ್ದರೆ ಹುಡುಗಿಯನ್ನು ಬಿಟ್ಟು ನಮ್ಮನ್ನು ಬೈಯಿರಿ. ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ, ದೂರು ಬಂತೆಂದು ಸೀದಾ ಬಂಧಿಸಬೇಡಿ, ಬಂಧನದ ಅಗತ್ಯವಿದೆಯೇ ಎಂದು ಮೊದಲು ನೋಡಿ ಎಂದು ಪೊಲೀಸರಿಗೆ ಕಟ್ಟಪ್ಪಣೆ ಮಾಡಿತು. ಇಡೀ ಮನೆತನವನ್ನು ಸಾರಾಸಗಟಾಗಿ ಎಳೆಯುವುದನ್ನು 2024ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಖಂಡಿಸಿತು. ಹಂಗಂತ ಖುಲಾಸೆಯಾದ ಕೇಸೆಲ್ಲ ಸುಳ್ಳು ಕೇಸು ಅನ್ನಬೇಡಿ. ರಾಜಿಯಾಗಿ ಸಾಕ್ಷಿ ಹೇಳದೆ ಬಿಟ್ಟ ಕೇಸೂ ಖುಲಾಸೆಯ ಲೆಕ್ಕಕ್ಕೇ ಹೋಗುತ್ತದೆ.

ಗಂಡಸನ್ನು ಮಾತ್ರ ಶಿಕ್ಷಿಸುವ ಕಾಯ್ದೆ ನಿಜವಾಗಿಯೂ ಒಂದಿತ್ತು, 497ನೇ ಕಲಮು. ಪರಪತ್ನಿಯೊಡನೆ ಸಂಬಂಧ ಇಟ್ಟ ಗಂಡಸಿಗೆ ಐದು ವರ್ಷದವರೆಗೆ ಜೈಲು. ಹೆಂಗಸಿಗೆ ಏನೂ ಇಲ್ಲ, ಕುಮ್ಮಕ್ಕಿನ ಆರೋಪವೂ ಇಲ್ಲ. ಕೇಳಿದ ಕೂಡಲೇ ಹೆಣ್ಣಿಗೆ ರಿಯಾಯಿತಿ ಅನಿಸುತ್ತದೆ. ಪೂರ್ತಿ ಓದಿದರೆ ಅಸಲು ತಿಳಿಯುತ್ತದೆ: ಆಕೆಯ ಗಂಡ ಒಪ್ಪಿಗೆ ಕೊಟ್ಟಿದ್ದರೆ ಅದು ಅಪರಾಧವೇ ಅಲ್ಲ! ಹೊಲದ ಮಾಲೀಕನ ಅಪ್ಪಣೆಯಿಲ್ಲದೆ ಬೇಲಿ ದಾಟಿದವನಿಗೆ ದಂಡ, ಹೊಲಕ್ಕೇನು ದಂಡ, ಅಂಥ ತರ್ಕ. 1860ರ ಆ ಕಲಮನ್ನು 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ರದ್ದು ಮಾಡಿತು. ಹೆಣ್ಣಿಗೆ ಮರ್ಯಾದೆ ಇಲ್ಲದ ಕಾಯ್ದೆಯಲ್ಲೇ ಗಂಡಸಿಗೆ ನ್ಯಾಯವೂ ಇರಲಿಲ್ಲ. ಗಂಡಸರ ಹಕ್ಕು ಅನ್ನುವವರು ಅವತ್ತು ಪೇಢೆ ಹಂಚಬೇಕಿತ್ತು, ನನಗಂತೂ ಯಾರೂ ಒಂದು ತುಂಡೂ ಕೊಡಲಿಲ್ಲ.

ಇವತ್ತಿಗೂ ಇರುವ ದೊಡ್ಡ ಕೊರತೆ ಇನ್ನೊಂದಿದೆ, ಅದರ ಬಗ್ಗೆ ಒಬ್ಬರೂ ಕೇಳಿಲ್ಲ. ವಯಸ್ಕ ಗಂಡಸಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದರೆ ಹಿಂದೆ 377ನೇ ಕಲಮಿನಡಿ ದೂರು ಕೊಡಬಹುದಿತ್ತು. ಹೊಸ ಸಂಹಿತೆ ಆ ಕಲಮನ್ನೇ ಕೈಬಿಟ್ಟಿತು. ಒಪ್ಪಿಗೆಯಿಲ್ಲದ ಕೃತ್ಯದ ಮಟ್ಟಿಗಾದರೂ ಉಳಿಸಿಕೊಳ್ಳಿ ಎಂದು ಸಂಸದೀಯ ಸ್ಥಾಯಿ ಸಮಿತಿ ಹೇಳಿದರೂ ಉಪಯೋಗವಾಗಲಿಲ್ಲ. ಅತ್ಯಾಚಾರದ ಕಲಮಿನಲ್ಲಿ ಸಂತ್ರಸ್ತೆ ಹೆಣ್ಣೇ ಆಗಿರಬೇಕು. ಹದಿನೆಂಟು ತುಂಬದ ಹುಡುಗನಿಗೆ 2012ರ ಪೋಕ್ಸೋ ಕಾಯ್ದೆ ಹುಡುಗಿಯಷ್ಟೇ ರಕ್ಷಣೆ ಕೊಡುತ್ತದೆ, ಹದಿನೆಂಟು ತುಂಬಿದ ಮೇಲೆ ಅವನು ಹಲ್ಲೆಯ ಕಲಮು ಹುಡುಕಿಕೊಂಡು ಹೋಗಬೇಕು. ಇದು ತಾರತಮ್ಯ, ಬೇರೆ ಮಾತಿಲ್ಲ. ಇದಕ್ಕಾಗಿ ಜಿಲ್ಲಾಧಿಕಾರಿ ಕಚೇರಿ ಮುಂದೆ ಧರಣಿ ಕೂಡುತ್ತೇವೆಂದರೆ ನಾನೂ ಬರುತ್ತೇನೆ.

ಕಾಯ್ದೆ ಇದ್ದೂ ಗಂಡಸಿಗೆ ದಕ್ಕದ ಪ್ರಸಂಗ ಒಂದಿದೆ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಹುಬ್ಬಳ್ಳಿ ಕಡೆಯ ಲಾರಿ ಡ್ರೈವರ್, ಅಪಘಾತದಲ್ಲಿ ಸೊಂಟ ಹೋಗಿ ಸ್ಟೇರಿಂಗ್ ಹಿಡಿಯುವುದು ನಿಂತಿತ್ತು. ಹೆಂಡತಿ ಸರ್ಕಾರಿ ಶಾಲೆಯ ಟೀಚರ್, ಸೋಡಚೀಟಿಗೆ (ವಿಚ್ಛೇದನಕ್ಕೆ) ಅರ್ಜಿ ಹಾಕಿದ್ದಳು. ಅಣ್ಣನ ಜೊತೆ ಬಂದವನು ಊರುಗೋಲನ್ನು ಟೇಬಲ್ಲಿಗೆ ಆನಿಸಿಟ್ಟು, ಪ್ಲಾಸ್ಟಿಕ್ ಚೀಲದಿಂದ ಔಷಧ ಅಂಗಡಿಯ ಬಿಲ್ಲುಗಳನ್ನು ತೆಗೆದು ತಾರೀಖಿನ ಪ್ರಕಾರ ಜೋಡಿಸತೊಡಗಿದ. ಹಿಂದೂ ವಿವಾಹ ಕಾಯ್ದೆಯ 24 ಮತ್ತು 25ನೇ ಕಲಮು ಗಂಡ-ಹೆಂಡತಿ ಇಬ್ಬರಿಗೂ ಒಂದೇ, ದುಡಿಯುವ ಹೆಂಡತಿಯಿಂದ ನೀನೂ ಜೀವನಾಂಶ ಕೇಳಬಹುದಪ್ಪಾ ಎಂದೆ. ಅವನು ಬಾಯಿ ತೆರೆಯುವ ಮೊದಲೇ ಅಣ್ಣ ಎದ್ದು ನಿಂತ. “ಬ್ಯಾಡ್ರಿ ಮೇಡಮ್ಮಾರ. ಹೆಂಡ್ತಿ ರೊಕ್ಕದಾಗ ಉಂಡ ಅನಿಸ್ಕೋಬೇಕೇನ್ರಿ? ನಾವೇನ್ ಬಳಿ ಇಟ್ಕೊಂಡೇವೇನು?” ತಮ್ಮ ಬಿಲ್ಲುಗಳನ್ನು ಮತ್ತೆ ಚೀಲಕ್ಕೆ ಹಾಕಿದ. ಅರ್ಜಿ ಹಾಕಲೇ ಇಲ್ಲ. ಕಾಯ್ದೆ ಅವನ ಕಡೆಗಿತ್ತು, ಹೆಂಡತಿ ಆ ಕೋಣೆಯಲ್ಲಿ ಇರಲೂ ಇಲ್ಲ.

ಇದೇ ನಾನು ಹೇಳುವ ಲೆಕ್ಕ. ಗಂಡಸಿನ ಬೆಲೆಯನ್ನು ದುಡಿಮೆಯಲ್ಲೇ ಅಳೆಯುವುದು, ದುಡಿಮೆ ನಿಂತಾಗ ಬಾಯಿ ಮುಚ್ಚಿಸುವುದು ಮೊದಲು ನಡೆಯುವುದು ಅವನ ಮನೆಯ ಪಡಸಾಲೆಯಲ್ಲಿ. ಹಾವೇರಿ ಕಡೆಯ ಹಿರಿಯರೊಬ್ಬರು ನನ್ನೆದುರು ಕೂತು ಗೋಳಾಡಿದ್ದರು. ಹತ್ತೆಕರೆ ಎರಿ ಹೊಲ, ಟ್ರ್ಯಾಕ್ಟರು, ಗೋವಿನಜೋಳದ ಬೆಳೆ. ಮಗನಿಗೆ ಮೂವತ್ನಾಲ್ಕು ದಾಟಿದರೂ ಕನ್ಯಾ ಸಿಗವಲ್ದು. “ಎಲ್ಲಾರಿಗೂ ನೌಕರಿ ಹುಡುಗನ ಬೇಕ್ರಿ.” ಮಗಳನ್ನು ಎಲ್ಲಿ ಕೊಟ್ಟೀರಿ ಕಾಕಾ ಅಂದೆ. “ಬೆಂಗಳೂರಾಗ, ಸಾಫ್ಟ್‌ವೇರು.” ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಹವಾಮಾನ ಮಾತಾಡಿದೆವು.

ಹೊಲ ಮಾಡುವ ಹುಡುಗರಿಗೆ ಆಗುತ್ತಿರುವುದು ಸಣ್ಣ ಅವಮಾನವಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದಾಗ ನಮ್ಮ ಕಡೆ ನಕ್ಕವರೇ ಹೆಚ್ಚು. ಅದೇ ವರ್ಷದ ಚುನಾವಣೆಯಲ್ಲಿ, ರೈತನ ಮಗನನ್ನು ಮದುವೆಯಾಗುವ ಹುಡುಗಿಗೆ ಎರಡು ಲಕ್ಷ ಕೊಡುತ್ತೇವೆಂದು ಕುಮಾರಸ್ವಾಮಿಯವರು ಭರವಸೆ ಕೊಟ್ಟರು. ಸಬ್ಸಿಡಿ ಕೊಟ್ಟು ದಾಟಿಸಬೇಕಾದ ಮಾಲೇ ಆ ಹುಡುಗ? ಮದುವೆಯಾದರೆ ಹೊಲಕ್ಕೂ ಒಲೆಗೂ ಎರಡು ಪಾಳಿ ದುಡಿಯಬೇಕು, ಪಹಣಿಯಲ್ಲಿ ಮಾತ್ರ ತನ್ನ ಹೆಸರು ಬರುವುದಿಲ್ಲ ಎಂಬುದು ಹುಡುಗಿಗೆ ಗೊತ್ತಿದೆ. ಆಕೆ ಬೇಡ ಅನ್ನುವುದು ಆ ಹುಡುಗನನ್ನಲ್ಲ.

2022ರಲ್ಲಿ ದೇಶದಲ್ಲಿ ಆತ್ಮಹತ್ಯೆಗೆ ಬಲಿಯಾದ 1,70,924 ಜನರಲ್ಲಿ 1,22,724 ಮಂದಿ ಗಂಡಸರು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಈ ಅಂಕಿ ತೋರಿಸಿ, ಇದಕ್ಕೆಲ್ಲ ಹೆಂಡತಿಯರೇ ಕಾರಣ ಎನ್ನುವವರಿದ್ದಾರೆ. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಪು ದಿನಗೂಲಿಯವರದು. ಮನೆಯಲ್ಲಿ ಹೇಳಲಾಗದ್ದನ್ನು ಹೇಳಲಿಕ್ಕೆ 14416 ಎಂಬ ಟೆಲಿ-ಮಾನಸ್ ನಂಬರಿದೆ, ಕನ್ನಡದಲ್ಲೇ ಮಾತಾಡುತ್ತಾರೆ, ರೊಕ್ಕ ಬೇಡ. ನನ್ನ ಕಡೆ ಬರುವ ಗಂಡಸರಿಗೆ ಫೈಲಿನ ಮೇಲೆ ಬರೆದು ಕೊಡುತ್ತೇನೆ.

ಗಂಡಸರ ಹಕ್ಕಿನ ಬೇಡಿಕೆಗಳ ಪಟ್ಟಿ ತಯಾರಿಸುತ್ತಿದ್ದ ಪರಿಚಯದವರೊಬ್ಬರು ಸಲಹೆ ಕೇಳಿದ್ದರು. ಪಿತೃತ್ವ ರಜೆ ಸೇರಿಸಿ ಎಂದೆ. ಸರ್ಕಾರಿ ನೌಕರನಿಗೆ 15 ದಿನ ಸಿಗುತ್ತದೆ. ತಾರಿಹಾಳ ಕೈಗಾರಿಕಾ ಪ್ರದೇಶದ ಖಾಸಗಿ ಫ್ಯಾಕ್ಟರಿಯಲ್ಲಿ ದುಡಿಯುವವನಿಗೆ ಕಾಯ್ದೆ ಪ್ರಕಾರ ಒಂದು ದಿನವೂ ಇಲ್ಲ, ಕೂಸು ನೋಡಲಿಕ್ಕೆ ಹೋದರೆ ಪಗಾರ ಕಟ್. ಅವರು ನಕ್ಕರು: “ಹಡಿಯಾಕಿ ಆಕಿ, ಸೂಟಿ ನಮಗ್ಯಾಕ್ರಿ?” ಕಳೆದ ವಾರ ಆ ಪಟ್ಟಿ ನನ್ನ ವಾಟ್ಸಾಪಿಗೆ ಬಂತು. ಬಸ್ಸಿನ ವಿಷಯ ಮೊದಲನೇ ನಂಬರಿನಲ್ಲಿದೆ, ಕೂಸಿನ ಸೂಟಿ ಎಲ್ಲೂ ಇಲ್ಲ.