ಹಸಿದ ಕೋಶಕ್ಕೆ ಬಂದ ಕೊಬ್ಬು

ಮೇಜಿನ ಮೇಲೆ ಲ್ಯಾಬಿನ ಸೂಕ್ಷ್ಮದರ್ಶಕದಲ್ಲಿ ತೆಗೆದ ಮೂರು ಚಿತ್ರಗಳ ಪ್ರಿಂಟ್ ಇತ್ತು. ಕಪ್ಪು ಹಿನ್ನೆಲೆ, ನೀಲಿ ಕೋಶಕೇಂದ್ರಗಳು, ಸುತ್ತ ಹಸಿರು ಚುಕ್ಕಿಗಳು. ಮೊದಲನೆಯದರಲ್ಲಿ ಚುಕ್ಕಿ ಅಲ್ಲೊಂದು ಇಲ್ಲೊಂದು, ಎರಡನೆಯದರಲ್ಲಿ ರಾಶಿ ರಾಶಿ, ಮೂರನೆಯದರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪಕ್ಕದ ಮನೆಯ ಕನ್ನಡದವರ ಮಗಳು, ಒಂಬತ್ತು ವರ್ಷದವಳು, ಈ ಪರದೇಶದಲ್ಲೇ ಹುಟ್ಟಿದವಳು, ಹಸಿರು ಏನೆಂದು ಕೇಳಿದಳು. ಕೊಬ್ಬು ಅಂದದ್ದೇ ತಡ, ಎರಡನೆಯ ಚಿತ್ರದ ಮೇಲೆ ಬೆರಳಿಟ್ಟು, “ಇದಕ್ಕೆ ಕೊಬ್ಬು ಜಾಸ್ತಿ ಆಗಿದೆ. ಯಾರೂ ಬೈಯಲ್ವಾ?” ಅಂದಳು. ಮೂರನೆಯದನ್ನು ತೋರಿಸಿ, “ಇದು ಒಳ್ಳೇದು.”

ಅವಳ ಕನ್ನಡವೆಲ್ಲ ಫೋನಿನಲ್ಲಿ ಅಜ್ಜಿಯಿಂದ ಬಂದದ್ದು. ಆ ಕನ್ನಡದಲ್ಲಿ ಕೊಬ್ಬು ಎಂದರೆ ಸೊಕ್ಕು. ಅದೊಂದು ವಸ್ತು ಎಂಬುದೇ ಅವಳಿಗೆ ಗೊತ್ತಿಲ್ಲ. ನಕ್ಕು ಬಿಡಬಹುದಿತ್ತು. ಆದರೆ ನಮ್ಮಲ್ಲಿ ಎಂ.ಎಸ್ಸಿ. ಮುಗಿಸಿ ಲ್ಯಾಬಿಗೆ ಬರುವವರೂ ಇದೇ ತೀರ್ಪನ್ನು ಇಂಗ್ಲಿಷಿನಲ್ಲಿ ಕೊಡುತ್ತಾರೆ: ಕೊಬ್ಬಿನ ಹನಿ, ಅಂದರೆ ಆ ಹಸಿರು ಚುಕ್ಕಿ, ಹೆಚ್ಚಿದ್ದರೆ ಕೋಶ ಕೆಟ್ಟಿದೆ, ಹನಿ ಇಲ್ಲದಿದ್ದರೆ ಆರೋಗ್ಯ. ಉಂಡು ಕೊಬ್ಬಿದವರು ಎಂಬ ಬೈಗುಳ ಪಠ್ಯಪುಸ್ತಕದ ಒಳಕ್ಕೂ ನುಸುಳಿದ ಹಾಗೆ.

ಎರಡನೆಯ ಚಿತ್ರದ ಕೋಶಗಳು ಉಂಡು ಕೊಬ್ಬಿದವಲ್ಲ. ಅವು 16 ಗಂಟೆ ಉಪವಾಸ ಇದ್ದವು.

ಇಲಿಯ ಭ್ರೂಣದಿಂದ ತೆಗೆದ ಸಂಯೋಜಕ ಅಂಗಾಂಶದ ಕೋಶಗಳಾದ ಫೈಬ್ರೊಬ್ಲಾಸ್ಟ್‌ಗಳನ್ನು ಹ್ಯಾಂಕ್ಸ್ ಲವಣ ದ್ರಾವಣದಲ್ಲಿ ಇಟ್ಟರೆ ಅವಕ್ಕೆ ಸಿಗುವುದು ಉಪ್ಪು ಮತ್ತು ಗ್ಲೂಕೋಸ್ ಅಷ್ಟೆ. ಅಮೈನೊ ಆಮ್ಲವೂ ಇಲ್ಲ, ಸೀರಮ್ (ರಕ್ತದಿಂದ ತೆಗೆದ ದ್ರವ) ಕೂಡ ಇಲ್ಲ. ಹೊರಗಿನಿಂದ ಒಂದು ತೊಟ್ಟು ಕೊಬ್ಬೂ ಬರುತ್ತಿಲ್ಲ, ಆದರೂ ಒಳಗೆ ಹನಿ ತುಂಬುತ್ತದೆ. ಅಮೈನೊ ಆಮ್ಲದ ಕೊರತೆ ಗೊತ್ತಾದೊಡನೆ ಎಂಟಾರ್‌ಸಿ1 ಎಂಬ ಕೈನೇಸ್ ಕಿಣ್ವ ಸುಮ್ಮನಾಗುತ್ತದೆ, ಆಟೋಫೇಜಿ ಶುರುವಾಗುತ್ತದೆ. 2016ರಲ್ಲಿ ಯೊಶಿನೊರಿ ಒಸುಮಿ ಅವರಿಗೆ ನೊಬೆಲ್ ತಂದದ್ದು ಇದೇ ಸ್ವಭಕ್ಷಣೆ. ಕೋಶ ತನ್ನದೇ ಅಂಗಕಗಳನ್ನು ಕಿತ್ತು ಅರಗಿಸುತ್ತದೆ. ಅಮೈನೊ ಆಮ್ಲಕ್ಕಾಗಿ ಪ್ರೋಟೀನ್ ಒಡೆಯುವಾಗ ಪೊರೆಗಳೂ ಒಡೆಯುತ್ತವೆ. ಪೊರೆ ಒಡೆದರೆ ಕೊಬ್ಬಿನಾಮ್ಲ ಬಿಡುಗಡೆಯಾಗುತ್ತದೆ. ಬಿಡಿ ಕೊಬ್ಬಿನಾಮ್ಲ ಎಂದರೆ ಸಾಬೂನಿನ ಸೋದರ, ಉಳಿದ ಪೊರೆಗಳನ್ನೂ ಕರಗಿಸಬಲ್ಲದು. ಹಾಗಾಗಿ ಕೋಶದೊಳಗಿನ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿರುವ ಡಿಜಿಎಟಿ1 ಎಂಬ ಕಿಣ್ವ, ಎರಡು ಕೊಬ್ಬಿನಾಮ್ಲ ಇರುವ ಡೈಅಸಿಲ್‌ಗ್ಲಿಸರಾಲ್‌ಗೆ ಮೂರನೆಯ ಕೊಬ್ಬಿನಾಮ್ಲವನ್ನು ಜೋಡಿಸಿ, ಯಾರಿಗೂ ತೊಂದರೆ ಕೊಡದ ಟ್ರೈಗ್ಲಿಸರೈಡ್ ಮಾಡಿಬಿಡುತ್ತದೆ. ಅದು ರೆಟಿಕ್ಯುಲಮ್ ಪೊರೆಯ ಎರಡು ಪದರಗಳ ನಡುವೆ ಸೇರಿ, ಸೀಪಿನ್ ಪ್ರೋಟೀನ್ ಇರುವ ಕಡೆ ಮೊಗ್ಗಿನಂತೆ ಉಬ್ಬಿ ಹನಿಯಾಗುತ್ತದೆ. ಹೊದಿಕೆ ಒಂದೇ ಪದರದ್ದು, ಒಳಗೆಲ್ಲ ಎಣ್ಣೆ. ಬೇಕಾದಾಗ ಎಟಿಜಿಎಲ್ ಎಂಬ ಕತ್ತರಿ ಅದನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಿ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಕ್ಕೆ ಬಡಿಸುತ್ತದೆ.

ಇದನ್ನು ಕಣ್ಣಾರೆ ನೋಡುವುದು ಸುಲಭ, ಕೆಡಿಸುವುದು ಅದಕ್ಕಿಂತ ಸುಲಭ. ಉಪವಾಸಕ್ಕೆ ಮುಂಚೆ ಎರಡು ಸಲ ತೊಳೆಯಲೇಬೇಕು. ಮೂಲೆಯಲ್ಲಿ ಉಳಿದ ಸೀರಮ್ಮಿನಲ್ಲೂ ಕೊಬ್ಬಿನಾಮ್ಲ ಇರುತ್ತದೆ. ಉಪವಾಸ ಮಾಡಿಸದೆ ಹೋಲಿಕೆಗೆಂದು ಇಟ್ಟ ಕೋಶಗಳ ತಟ್ಟೆಯನ್ನೂ ಅಷ್ಟೇ ಸಲ ತೊಳೆದು ಹೊಸ ಮೀಡಿಯ (ಪೋಷಕ ದ್ರಾವಣ) ಹಾಕಬೇಕು, ಮುಟ್ಟದೆ ಬಿಟ್ಟ ತಟ್ಟೆ ಹೋಲಿಕೆಗೆ ಬರುವುದಿಲ್ಲ. ಕೋಶಗಳನ್ನು ಇದ್ದ ಹಾಗೇ ಸ್ಥಿರಗೊಳಿಸಲು 4% ಪ್ಯಾರಾಫಾರ್ಮಾಲ್ಡಿಹೈಡ್, 15ರಿಂದ 20 ನಿಮಿಷ. ಮೆಥನಾಲ್ ಬೇಡವೇ ಬೇಡ, ಅದು ನೋಡಬೇಕಾದ ಕೊಬ್ಬನ್ನೇ ತೊಳೆದುಕೊಂಡು ಹೋಗುತ್ತದೆ. ಪ್ರೋಟೀನ್ ಗುರುತಿಸಲು ಪ್ರತಿಕಾಯ ಹಾಕುವವರು ಪೊರೆಗೆ ತೂತು ಮಾಡಲೆಂದು ಅಭ್ಯಾಸಬಲದಿಂದ ಟ್ರೈಟಾನ್ ಎಂಬ ಮಾರ್ಜಕ ಸುರಿಯುತ್ತಾರೆ, ಹನಿಯ ಹೊದಿಕೆ ಕಿತ್ತುಬರುತ್ತದೆ, 0.1% ಸಪೋನಿನ್ ಸಾಕು. ಆದರೆ ಸಪೋನಿನ್ ಮಾಡಿದ ತೂತು ಅದನ್ನು ತೊಳೆದ ಕೂಡಲೇ ಮುಚ್ಚಿಕೊಳ್ಳುವುದರಿಂದ ಪ್ರತಿಕಾಯದ ಪ್ರತಿ ಹಂತದ ದ್ರಾವಣದಲ್ಲೂ ಅದು ಇರಬೇಕು. ಕೊನೆಗೆ ಕೊಬ್ಬನ್ನು ಹಸಿರಾಗಿ ಬೆಳಗಿಸುವ ಬಣ್ಣ ಬೋಡಿಪಿ 493/503, 1ರಿಂದ 2 ಮೈಕ್ರೊಮೋಲಾರ್ ಸಾಂದ್ರತೆಯಲ್ಲಿ, ಕತ್ತಲಲ್ಲಿ 15 ನಿಮಿಷ. ಆಯಿಲ್ ರೆಡ್ ಓ ಎಂಬ ಇನ್ನೊಂದು ಬಣ್ಣ ಅಗ್ಗ, ನಿಜ, ಆದರೆ ಅದಕ್ಕೆ ಬಳಸುವ ಐಸೊಪ್ರೊಪನಾಲ್ ಸಣ್ಣ ಹನಿಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಆಮೇಲೆ ಹನಿ ಎಣಿಸಿ ಗ್ರಾಫ್ ಹಾಕಿದರೆ ಎಣಿಸಿದ್ದು ಐಸೊಪ್ರೊಪನಾಲ್‌ನ ಕೈಚಳಕವನ್ನು.

ಉಪವಾಸದ ಒತ್ತಡ ಒಂದು ಬಗೆ. ತದ್ವಿರುದ್ಧವಾದ ಇನ್ನೊಂದು ಬಗೆಯಲ್ಲಿ ಕೊಬ್ಬನ್ನೇ ಉಣಿಸುತ್ತಾರೆ, ಮತ್ತು ಲ್ಯಾಬಿಗೆ ಹೊಸದಾಗಿ ಬಂದವರು ಹೆಚ್ಚು ಸೋಲುವುದು ಇಲ್ಲೇ. ಉಣಿಸುವ ಕೊಬ್ಬಿನಾಮ್ಲ ಪಾಲ್ಮಿಟೇಟ್, 16 ಇಂಗಾಲದ ನೇರ ಸರಪಳಿ, ಎಲ್ಲೂ ಬಾಗು ಇಲ್ಲ. ಪಾಲ್ಮಿಟಿಕ್ ಆಮ್ಲ ಕರಗುವುದು ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಡುವೆ ಒಂದು ಬಾಗು ಇರುವ ಒಲಿಯಿಕ್ ಆಮ್ಲ ಸುಮಾರು 13 ಡಿಗ್ರಿಯಲ್ಲೇ ಕರಗುತ್ತದೆ. ಮುಂದಿನ ಕಥೆಯೆಲ್ಲ ಈ 50 ಡಿಗ್ರಿ ಅಂತರದ್ದು. ಪಾಲ್ಮಿಟೇಟ್ ತಾನಾಗಿ ನೀರಿಗೆ ಸೇರದು, ಆಲ್ಬುಮಿನ್ ಎಂಬ ರಕ್ತದ ಪ್ರೋಟೀನಿನ ಹೆಗಲ ಮೇಲೆ ಕೂರಿಸಬೇಕು. ಸೋಡಿಯಂ ಪಾಲ್ಮಿಟೇಟನ್ನು 150 ಮಿಲಿಮೋಲಾರ್ ಉಪ್ಪುನೀರಿನಲ್ಲಿ 2.5 ಮಿಲಿಮೋಲಾರ್ ಆಗುವಂತೆ, ಅಂದರೆ ಮಿಲಿಲೀಟರಿಗೆ ಸುಮಾರು 0.7 ಮಿಲಿಗ್ರಾಂ, 70 ಡಿಗ್ರಿಯಲ್ಲಿ ತಿಳಿಯಾಗುವವರೆಗೆ ಕರಗಿಸಿ. ಕೊಬ್ಬಿನಾಮ್ಲ ತೆಗೆದ ಆಲ್ಬುಮಿನ್ 0.34 ಮಿಲಿಮೋಲಾರ್ (ಮಿಲಿಲೀಟರಿಗೆ 22.6 ಮಿಲಿಗ್ರಾಂ) 37 ಡಿಗ್ರಿಯಲ್ಲಿ ಸಿದ್ಧವಿರಲಿ. ಆಲ್ಬುಮಿನ್ 5 ಮಿಲಿಲೀಟರ್ ತಿರುಗುತ್ತಿರುವಾಗಲೇ ಬಿಸಿ ಪಾಲ್ಮಿಟೇಟ್ 4 ಮಿಲಿಲೀಟರ್ ಸೇರಿಸಿ, ಒಂದು ಗಂಟೆ 37 ಡಿಗ್ರಿಯಲ್ಲಿ ಕಲಕಿ, ಉಪ್ಪುನೀರಿನಿಂದ 10 ಮಿಲಿಲೀಟರಿಗೆ ತನ್ನಿ, ಪಿಎಚ್ 7.4 ಮಾಡಿ. ಸಿಗುವುದು 1 ಮಿಲಿಮೋಲಾರ್ ಪಾಲ್ಮಿಟೇಟ್, ಪ್ರತಿ ಆಲ್ಬುಮಿನ್ ಅಣುವಿಗೆ ಸುಮಾರು ಆರು ಪಾಲ್ಮಿಟೇಟ್.

ದ್ರಾವಣ ಮಸುಕಾಯಿತೇ? ಪಿಪೆಟ್ಟಿನ ತಣ್ಣನೆಯ ತುದಿಯಲ್ಲೇ ಪಾಲ್ಮಿಟೇಟ್ ಹೆಪ್ಪುಗಟ್ಟಿರುತ್ತದೆ. ತುದಿಯನ್ನು ಬೆಚ್ಚಗೆ ಮಾಡಿಕೊಳ್ಳಿ, ಬೇಗ ಹಾಕಿ. ಹೆದರಿ ಆಲ್ಬುಮಿನ್ನನ್ನೇ 70ಕ್ಕೆ ಕಾಯಿಸಿದರೆ ಪ್ರೋಟೀನ್ ಕೆಟ್ಟು ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಮಸುಕಾದದ್ದನ್ನು ಸೋಸಿ ಬಳಸುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಸೋಸಿ ತೆಗೆದದ್ದು ಅದೇ ಪಾಲ್ಮಿಟೇಟ್, ಸೀಸೆಯ ಮೇಲಿನ ಚೀಟಿಯಲ್ಲಿ ಮಾತ್ರ 1 ಮಿಲಿಮೋಲಾರ್ ಹಾಗೇ ಉಳಿದಿರುತ್ತದೆ.

ಈ ಪಾಲ್ಮಿಟೇಟ್ ಪೊರೆಗಳಿಗೆ ಸೇರಿಕೊಳ್ಳುತ್ತಾ ಹೋದಂತೆ ರೆಟಿಕ್ಯುಲಮ್ ಗಡುಸಾಗುತ್ತದೆ, ಐಆರ್‌ಇ1 ಎಂಬ ಕಾವಲುಗಾರ ಎಚ್ಚರಗೊಂಡು ಎಕ್ಸ್‌ಬಿಪಿ1 ಆರ್‌ಎನ್‌ಎಯಿಂದ 26 ಅಕ್ಷರ ಕತ್ತರಿಸುತ್ತಾನೆ. ಆ ತುಣುಕು ಹೋದದ್ದನ್ನು ಪಿಸಿಆರ್‌ನಲ್ಲಿ ನೋಡಿದರೆ ಒತ್ತಡ ಖಚಿತ. ಈ ಕಾವಲುಗಾರನನ್ನು ಎಲ್ಲರೂ ನೆನೆಯುವುದು ಪ್ರೋಟೀನ್ ತಪ್ಪಾಗಿ ಮಡಚಿಕೊಂಡ ಸಂದರ್ಭದಲ್ಲಿ. ಪೀಟರ್ ವಾಲ್ಟರ್ ಮತ್ತು ಕಝುತೋಶಿ ಮೋರಿ ಎಂಬ ವಿಜ್ಞಾನಿಗಳು 2014ರ ಲಾಸ್ಕರ್ ವೈದ್ಯಕೀಯ ಪ್ರಶಸ್ತಿ ಪಡೆದದ್ದೂ ತಪ್ಪು ಮಡಿಕೆಗೆ ಕೋಶ ಸ್ಪಂದಿಸುವ ಆ ಸರಣಿಗೇ. ಆದರೆ ಹೆಸರು ಬಿಡಿಸಿ ನೋಡಿ: ಇನಾಸಿಟಾಲ್ ಬೇಡುವ ಜೀನ್. ಯೀಸ್ಟಿನಲ್ಲಿ ಅದು ಕೆಟ್ಟರೆ ಪೊರೆಯ ಲಿಪಿಡ್‌ಗೆ ಬೇಕಾದ ಇನಾಸಿಟಾಲನ್ನು ಹೊರಗಿನಿಂದ ಕೊಡದೆ ಯೀಸ್ಟ್ ಬೆಳೆಯದು ಎಂದು 1992ರಲ್ಲೇ ಗೊತ್ತಿತ್ತು. ಪ್ರೋಟೀನಿನ ನಂಟು ಗೊತ್ತಾದದ್ದು ಮರುವರ್ಷ.

ಅದೇ ತಟ್ಟೆಗೆ ಒಲಿಯೇಟ್, ಅಂದರೆ ಬಾಗು ಇರುವ ಆ ಒಲಿಯಿಕ್ ಆಮ್ಲದ ರೂಪ, ಜೊತೆಗೂಡಿಸಿ. ಒಟ್ಟು ಕೊಬ್ಬು ಹೆಚ್ಚಾಯಿತು, ಸಾಯುವ ಕೋಶ ಕಡಿಮೆಯಾಯಿತು! ಪಾಲ್ಮಿಟೇಟ್ ಒಂದೇ ಇದ್ದಾಗ ಟ್ರೈಗ್ಲಿಸರೈಡ್ ಆಗಲು ಮೊಂಡಾಟ ಮಾಡುತ್ತದೆ, ಸೆರಮೈಡ್ ಎಂಬ ಲಿಪಿಡ್ ಆಗುವಂಥ ಅಪಾಯಕಾರಿ ದಾರಿ ಹಿಡಿಯುತ್ತದೆ. ಒಲಿಯೇಟ್ ಅದನ್ನು ಕೈಹಿಡಿದು ಹನಿಯೊಳಗೆ ಕರೆದೊಯ್ಯುತ್ತದೆ. ಎರಡು ತಟ್ಟೆಯನ್ನು ಪಕ್ಕಪಕ್ಕ ಇಟ್ಟರೆ ಹಸಿರು ತುಂಬಿದ್ದೇ ಬದುಕಿದ್ದು. ಫ್ಯಾಟಿ ಲಿವರ್ ರಿಪೋರ್ಟ್ ಹಿಡಿದು ಊರಿನಿಂದ ಫೋನ್ ಮಾಡುವವರು ಇದನ್ನು ಓದಿ ನೆಮ್ಮದಿಯಾಗಬೇಕಿಲ್ಲ. ಯಕೃತ್ತಿನ ನೂರು ಕೋಶಗಳಲ್ಲಿ ಐದಕ್ಕಿಂತ ಹೆಚ್ಚಿನವುಗಳಲ್ಲಿ ಹನಿ ಕಂಡರೆ ಅದು ಕಾಯಿಲೆಯ ಲೆಕ್ಕವೇ. ಉಗ್ರಾಣ ತುಂಬಿ ಹೊರಗೆ ಚೆಲ್ಲುವ ದಿನ ಬರುತ್ತದೆ. ಆದರೆ ಉಗ್ರಾಣವನ್ನೇ ಕಳ್ಳ ಎನ್ನುವುದು ಬೇರೆ ಮಾತು.

ಇನ್ನು ಮೂರನೆಯ ಚಿತ್ರ, ಅವಳ ಒಳ್ಳೆಯ ಕೋಶ. ಅದೂ 16 ಗಂಟೆಯ ಉಪವಾಸವೇ. ವ್ಯತ್ಯಾಸ ಒಂದೇ, ದ್ರಾವಣದಲ್ಲಿ ಮೊದಲ ನಿಮಿಷದಿಂದಲೇ ಡಿಜಿಎಟಿ1 ತಡೆಯುವ ಮದ್ದು ಇತ್ತು. ಆಟೋಫೇಜಿ ನಿಲ್ಲಲಿಲ್ಲ, ಕೊಬ್ಬಿನಾಮ್ಲ ಬರುತ್ತಲೇ ಇತ್ತು, ಕೂಡಿಡಲು ಹನಿ ಮಾತ್ರ ಇಲ್ಲ. ಅದು ಅಸಿಲ್‌ಕಾರ್ನಿಟೀನ್ (ಕೊಬ್ಬಿನಾಮ್ಲ ಮೈಟೊಕಾಂಡ್ರಿಯಕ್ಕೆ ಸಾಗುವ ರೂಪ) ಆಗಿ ಶೇಖರವಾಗುತ್ತದೆ, ಮೈಟೊಕಾಂಡ್ರಿಯದ ಪೊರೆಯ ವಿದ್ಯುತ್ ವಿಭವ ಕುಸಿಯುತ್ತದೆ. ಜೀವಂತ ಕೋಶಕ್ಕೆ ಆ ವಿಭವವನ್ನು ತೋರಿಸುವ ಟಿಎಂಆರ್‌ಎಂ ಬಣ್ಣ ಹಾಕಿದರೆ ಮಂಕಾಗಿ ಕಾಣುವುದು ಇದೇ ತಟ್ಟೆ. ಸ್ಥಿರಗೊಳಿಸಿದ ಮೇಲೆ ಹಾಕಿದರೆ ಎಲ್ಲ ತಟ್ಟೆಯೂ ಮಂಕೇ, ಆ ತಪ್ಪೂ ಆಗುತ್ತಿರುತ್ತದೆ. ಹಸಿರು ಚಿತ್ರದಲ್ಲಿ ಈ ಯಾವುದೂ ಕಾಣದು. ಶುಭ್ರವಾಗಿ, ಸಭ್ಯವಾಗಿ ಕೂತಿದೆ.

ಅವಳಿಗೆ ಇಷ್ಟೆಲ್ಲ ಹೇಳಲಾದೀತೇ. ಎರಡೂ ಕೋಶ ಹಸಿದಿದ್ದವು, ಇದಕ್ಕೆ ಕೂಡಿಡುವ ಮನೆಯ ಬಾಗಿಲು ಮುಚ್ಚಿತ್ತು, ಅದಕ್ಕೇ ಒದ್ದಾಡುತ್ತಿದೆ ಎಂದಷ್ಟೇ ಹೇಳಿದ್ದು. ಮೂರನೆಯ ಪ್ರಿಂಟನ್ನು ಕಣ್ಣಿಗೆ ಹತ್ತಿರ ಹಿಡಿದು ಸ್ವಲ್ಪ ಹೊತ್ತು ನೋಡಿದಳು.

“ಬಾಗಿಲು ಮುಚ್ಚಿದ್ದು ಯಾರು?”