ರಾತ್ರಿ ಒಂದೂವರೆಗೆ ಬರೋ ನೋವು

ತಲೆನೋವು ಯಾರಿಗ್ ಬರಲ್ಲ, ಒಂದು ಗುಳಿಗಿ ನುಂಗಿ ಮಲ್ಕೋ ಅನ್ನು ನಿನ್ ಗಂಡಗ, ಅಂತ ನಂಗ ಹೇಳಿದವರು ಒಬ್ಬಿಬ್ಬರಲ್ಲ. ಮೊದಲ್ನೇ ವರ್ಷ ನಾನೂ ಹಂಗೇ ಅನ್ಕೊಂಡಿದ್ದೆ. ನಮ್ಮನಿಯವರು ಗಂಗಾವತಿಯಾಗ ಒಂದು ರೈಸ್ ಮಿಲ್ಲಿನ ಲೆಕ್ಕ ಬರಿಯೋರು, ವಯಸ್ಸು ಮೂವತ್ನಾಲ್ಕು, ಭತ್ತದ ಧೂಳು ಮೂಗಿಗೆ ಹೋಗಿ ಹಿಂಗಾಗ್ತೈತಿ ಅಂತ ಎಲ್ರೂ ಅಂದ್ರು, ಹೌದಿರಬೇಕು ಅಂತ ನಾವೂ ನಂಬಿದ್ವಿ.

ನೋವು ಬರೋದು ರಾತ್ರಿ ಒಂದೂವರೆಗೆ. ಹತ್ತು ನಿಮಿಷ ಹಿಂದಮುಂದ ಅಷ್ಟೇ. ನಿದ್ದಿಯೊಳಗ ಇದ್ದೋರು ದಡಕ್ನ ಎದ್ದು, ಬಲಗಣ್ಣು ಅಂಗೈಯಿಂದ ಒತ್ತಿ ಹಿಡ್ಕೊಂಡು ಅಂಗಳಕ್ಕ ಹೋಗೋರು, ಬೇವಿನ ಗಿಡದಿಂದ ನಳದ ಕಟ್ಟಿತನ, ನಳದ ಕಟ್ಟಿಯಿಂದ ಮತ್ತ ಗಿಡದತನ, ಒಂದು ಕ್ಷಣ ಕುಂದ್ರಲ್ಲ, ನಿಂದ್ರಲ್ಲ, ಮಾತಾಡಿಸಿದ್ರ ಕೈ ಮುಗಿದು ಸುಮ್ಕಿರು ಅನ್ನೋರು. ಒಂದಿನ ಬ್ಯಾಟರಿ ಹಚ್ಚಿ ಮುಖ ನೋಡ್ದೆ. ಬಲಗಣ್ಣು ಕೆಂಪಗಾಗಿ ರೆಪ್ಪಿ ಅರ್ಧ ಜೋತು ಬಿದ್ದೈತಿ, ನೀರು ಗಲ್ಲದ ಮ್ಯಾಲೆ ಹರೀತೈತಿ, ಮೂಗು ಸೋರ್ತೈತಿ, ಅದೂ ಬಲ ಹೊಳ್ಳಿ ಮಾತ್ರ, ಎಡಗಡೆ ನೋಡಿದ್ರ ದಿನಾ ಕಾಣೋ ಮುಖಾನೇ. ಕಾಯಿಸಿದ ಕಬ್ಬಿಣದ ಸಳಿ ಕಣ್ಣಿನ ಹಿಂದ ಇಟ್ಟು ತಿರುವಿದಂಗ ಆಗ್ತೈತಿ ಅಂದ್ರು. ಗೋಡಿಗೆ ತಲಿ ಬಡ್ಕೊಳ್ಳೋರು, ನಾ ಅಡ್ಡ ಕೈ ಇಟ್ಟು ನಿಂದ್ರತಿದ್ದೆ. ಒಂದು ತಾಸಿಗೆ ಯಾರೋ ಸ್ವಿಚ್ ಆರಿಸಿದಂಗ ನಿಂತುಬಿಡೋದು, ಬೆಳಿಗ್ಗೆ ಎದ್ದು ಮಿಲ್ಲಿಗೆ ಹೋಗೋರು.

ಅದಕ್ಕೇ ಯಾರೂ ನಂಬಲಿಲ್ಲ. ಓಣಿಯಾಗ ಕುಡ್ದು ಗದ್ದಲ ಮಾಡ್ತಾನ ಅಂದ್ರು, ಅದನ್ನ ಕೇಳಿ ನಾ ಅತ್ತಿದ್ದೀನಿ. ಸೈನಸ್ ಅಂತ ಎರಡು ಸಲ ಔಷಧಿ ಆತು, ಹಲ್ಲಿನಿಂದ ಬಂದೈತಿ ಅಂತ ಒಬ್ರು ಮ್ಯಾಲಿನ ದವಡಿ ಹಲ್ಲು ಕಿತ್ತರು, ಗಟ್ಟಿಮುಟ್ಟಾದ ಹಲ್ಲು, ಅವತ್ತು ರಾತ್ರೀನೂ ಒಂದೂವರೆಗೆ ಎದ್ರು. ಅತ್ತಿ ಹುಲಿಗೆಮ್ಮಗ ಹರಕಿ ಹೊತ್ತು ದಾರ ಕಟ್ಟಿದ್ರು. ಒಂದೂವರೆ ತಿಂಗಳು ಕಾಡಿ ಯುಗಾದಿ ಹೊತ್ತಿಗೆ ತಾನೇ ಹೋತು. ಎಲ್ಲಾ ಮುಗೀತು ಅನ್ಕೊಂಡ್ವಿ. ಮುಂದಿನ ವರ್ಷ ಸಂಕ್ರಾಂತಿ ಆಗಿ ಹದಿನೈದು ದಿನಕ್ಕ ಮತ್ತ ಅದೇ ಕಣ್ಣು, ಅದೇ ಟೈಮು.

ಆವಾಗ ನಾ ಒಂದು ಕೆಲಸ ಮಾಡ್ದೆ. ಅಡಗಿಮನಿಯಾಗ ಮಿಲ್ಲಿನ ಕ್ಯಾಲೆಂಡರ್ ನೇತುಹಾಕಿತ್ತು, ಅದರಾಗ ಪ್ರತಿ ತಾರೀಖಿನ ಕೆಳಗ ನೋವು ಬಂದ ಟೈಮು, ಹೋದ ಟೈಮು ಪೆನ್ಸಿಲ್ಲಿಂದ ಬರಕೋತ ಹೋದೆ. ಹಾಲಿನ ಲೆಕ್ಕದ ಪಕ್ಕ. ಮೂರು ವಾರ ಆದ ಮ್ಯಾಲೆ ಆ ಹಾಳಿ ಸುತ್ತಿ ಬ್ಯಾಗಿನಾಗ ಇಟ್ಕೊಂಡು ಕಂಪ್ಲಿ ಮ್ಯಾಲೆ ಹೋಗೋ ಬಸ್ ಹತ್ತಿ ಬಳ್ಳಾರಿಗೆ ನರರೋಗದ ಡಾಕ್ಟರ್ ಹತ್ರ ಹೋದ್ವಿ. ಡಾಕ್ಟರು ಹಾಳಿ ಬಿಚ್ಚಿ ನೋಡಿದ್ರು, ಬಾಳೊತ್ತು ನೋಡಿದ್ರು. ಆಮ್ಯಾಲೆ ಇವರನ್ನ ಬಿಟ್ಟು ನನ್ನೇ ಕೇಳಿದ್ರು, "ನೋವು ಬಂದಾಗ ಮಲಗ್ತಾರೇನಮ್ಮ, ಓಡಾಡ್ತಾರೇನು?"

"ಓಡಾಡ್ತಾರ್ರೀ ಸರ್, ಒಂದ್ ಕಡೆ ನಿಂದ್ರಲ್ಲ" ಅಂದೆ.

ಮೈಗ್ರೇನ್ ಇದ್ದವರು ಕತ್ತಲ ಕೋಣ್ಯಾಗ ಅಲುಗಾಡದಂಗ ಮಲಗ್ತಾರ, ಹಿಂಗ ಸುತ್ತೋದು ಕ್ಲಸ್ಟರ್ ತಲೆನೋವು ಅಂದ್ರು. ಕಾಲು ತಾಸಿನಿಂದ ಮೂರು ತಾಸಿನತನ ಇರ್ತೈತಿ, ದಿನಕ್ಕ ಎಂಟು ಸಲ ಬರೋರೂ ಅದಾರ. ಮೆದುಳಿನಾಗ ಹೈಪೋಥಲಮಸ್ ಅಂತ ಐತಂತ, ನಿದ್ದಿ ಎಚ್ಚರದ ಗಡಿಯಾರ ನಡಿಸೋದು ಅದೇ, ಅದರ ಸಂಬಂಧ ಇರೋದಕ್ಕೇ ನೋವು ಹಿಂಗ ಟೈಮಿಗೆ, ಸೀಸನ್ನಿಗೆ ಬರ್ತೈತಿ. ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರೊಳಗ ಶುರು, ಗಂಡಸರಿಗೆ ಜಾಸ್ತಿ, ಬೀಡಿ ಸಿಗರೇಟು ಸೇದೋರಲ್ಲಿ ಜಾಸ್ತಿ, ಇವರು ಸೇದ್ತಿದ್ರು. ಹೆಂಗಸರಿಗೂ ಬರ್ತೈತಿ, ಆದ್ರ ಮೈಗ್ರೇನ್ ಅಂತ ತಪ್ಪು ತಿಳ್ಕೊಂಡು ವರ್ಷಗಟ್ಟಲೆ ಬಿಟ್ಟುಬಿಡ್ತಾರ. ನೋವು ಕಾಡೋ ಈ ತಿಂಗಳುಗಳಾಗ ಹೆಂಡ ಒಂದ್ ಗುಟುಕು ಬಿದ್ರೂ ನೋವು ಕೆದಕ್ತೈತಿ ಅಂದಾಗ ಇವರು ನನ್ ಮುಖ ನೋಡಿದ್ರು, ಗೆಳೆಯನ ಮದುವಿ ರಾತ್ರಿ ಆಗಿದ್ದು ಅದೇ. ಎಂಆರ್‌ಐ ಮಾಡಿಸಿದ್ರು, ನಾರ್ಮಲ್ ಬಂತು, ಬ್ಯಾರೆ ಏನೂ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕಷ್ಟೇ ಅದು, ನೋವು ಸುಳ್ಳು ಅಂತಲ್ಲ.

ಸಾವಿರಕ್ಕ ಸುಮಾರು ಒಬ್ಬರಿಗೆ ಅಂದ್ರು. ಬಸ್ಸಿನಾಗ ಬರ್ತಾ ಲೆಕ್ಕ ಹಾಕಿದೆ, ಲಕ್ಷ ದಾಟಿದ ಊರು ನಮ್ದು, ಅಂದ್ರ ನೂರು ಮಂದಿ. ಅವರು ಯಾವ ಅಂಗಳದಾಗ ಸುತ್ತತಿರಬೇಕು, ಎಷ್ಟು ಹಲ್ಲು ಕೀಳಿಸ್ಕೊಂಡಿರಬೇಕು.

ನೋವು ಬರದಂಗ ವೆರಾಪಮಿಲ್ ಅನ್ನೋ ಗುಳಿಗಿ ಕೊಟ್ರು, ಅದು ಎದಿ ಬಡಿತಕ್ಕೂ ತಾಕ್ತೈತಿ, ಅದಕ್ಕ ಇಸಿಜಿ ನೋಡಿ ನೋಡಿ ಡೋಸ್ ಏರಿಸಬೇಕು. ಬಂದಾಗ ಆಕ್ಸಿಜನ್. ನಂಗ ಆಶ್ಚರ್ಯ, 2021ರಾಗ ಕೊರೊನಾಕ್ಕ ಊರೆಲ್ಲ ಅಲೆದು ಹುಡುಕಿದ ಅದೇ ಸಿಲಿಂಡರ್. ಚೀಲ ಇರೋ ಮಾಸ್ಕ್, ನಿಮಿಷಕ್ಕ 12ರಿಂದ 15 ಲೀಟರ್, ನೆಟ್ಟಗ ಕುಂತು ಕಾಲು ತಾಸು, ಹತ್ರ ಬೆಂಕಿ ಕಡ್ಡಿ ಬೀಡಿ ಏನೂ ಇರಬಾರದು. ಸಿಲಿಂಡರ್ ಬಾಡಗಿಗೆ ತಂದು ಮಂಚದ ಪಕ್ಕ ನಿಲ್ಲಿಸಿದ್ವಿ, ಅತ್ತಿ ದೇವರ ದೀಪಾನ ಪಡಸಾಲಿಗೆ ಒಯ್ದು ಇಟ್ರು.

ಅವತ್ತು ಒಂದು ಮೂವತ್ತೈದಕ್ಕ ಎದ್ರು. ಮಾಸ್ಕ್ ಹಾಕಿ ಸಿಲಿಂಡರಿನ ಗುಂಡಿ ತಿರುವಿದೆ, ಚೀಲ ಉಬ್ಬತಿತ್ತು ಇಳೀತಿತ್ತು, ಕಾಲು ಮಾತ್ರ ನೆಲ ಬಡೀತಾನೇ ಇತ್ತು. ಐದು ನಿಮಿಷ, ಎಂಟು ನಿಮಿಷ. ಹನ್ನೆರಡಾದ ಮ್ಯಾಲೆ ಕಾಲು ಸುಮ್ನಾತು. ಮಾಸ್ಕ್ ತಗದು "ನೀರು ಕೊಡು" ಅಂದ್ರು. ಎರಡು ವರ್ಷದಾಗ ಆ ಹೊತ್ತಿನಾಗ ಅವರ ಬಾಯಿಂದ ಅಂಥ ಸಾದಾ ಮಾತು ನಾ ಕೇಳಿರಲಿಲ್ಲ. ಕೊಟ್ಟು, ಅಡಗಿಮನಿಗೆ ಹೋಗಿ ಪೆನ್ಸಿಲ್ ತಗೊಂಡೆ, 1:35 ಅಂತ ಬರದು ಅದರ ಪಕ್ಕ 1:50 ಅಂತ ಬರದೆ.