ಈ ತಲೆಹರಟೆ ಅರ್ಥಗಳು ಎಲ್ಲಿ ಸಿಗುತ್ತವೆ?

ದಿನಬಳಕೆಯ ಶಬ್ದಗಳಿಗೆ ತಮಾಷೆಯ ಅರ್ಥ ಬರೆಯುವುದು ನನ್ನ ಹಳೇ ಚಟ. ಹಾಗಾಗಿ ಮದುವೆ ಊಟಕ್ಕೆ ಕೂತಲ್ಲೂ ಯಾರಾದರೂ ಕೇಳಿಯೇ ಕೇಳುತ್ತಾರೆ, 'ಇದೆಲ್ಲ ನಿಮಗೆ ಎಲ್ಲಿ ಸಿಗುತ್ತದೆ ಮಾರಾಯ್ರೆ?'

ಬಸ್ಸಿನಲ್ಲಿ.

ನಿಜವಾಗಿಯೂ. ಉಡುಪಿಯಿಂದ ಮಂಗಳೂರಿಗೆ ಹೋಗುವ ಯಾವುದಾದರೂ ಬಸ್ ಹತ್ತಿ ನೋಡಿ. ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನೇತಾಡುತ್ತಾ 'ಹಿಂದೆ ಖಾಲಿ ಉಂಟು, ಹಿಂದೆ ಹೋಗಿ' ಎನ್ನುತ್ತಾನೆ. ಹಿಂದೆ ನೋಡಿದರೆ ಒಬ್ಬರ ಬ್ಯಾಗು ಇನ್ನೊಬ್ಬರ ಕುತ್ತಿಗೆಗೆ ಸಿಕ್ಕಿಹಾಕಿಕೊಂಡಿದೆ. ಅಲ್ಲಿಗೆ ಅರ್ಥ ತಯಾರು. ಖಾಲಿ: ಕಂಡಕ್ಟರಿಗೆ ಮಾತ್ರ ಕಾಣುವ ಜಾಗ. ಪಕ್ಕದವರು ಫೋನಿನಲ್ಲಿ 'ಬಂದೆ ಬಂದೆ, ಕೊಟ್ಟಾರ ಮುಟ್ಟಿತು' ಎನ್ನುತ್ತಾರೆ. ಕೊಟ್ಟಾರ ಅಂದರೆ ಮಂಗಳೂರೇ ಬಂತು, ಕಿಟಕಿಯಾಚೆ ನೋಡಿದರೆ ಇನ್ನೂ ಅರ್ಧ ದಾರಿಯ ಪಡುಬಿದ್ರಿ! ಬಂದೆ: ನೀವು ಇನ್ನೊಂದು ಕಾಫಿ ಕುಡಿಯಬಹುದು ಎಂಬ ಸೂಚನೆ. ಎಕ್ಸ್‌ಪ್ರೆಸ್: ನಾವು ಇಳಿಯುವ ಸ್ಟಾಪಿನಲ್ಲಿ ಮಾತ್ರ ನಿಲ್ಲದ ಬಸ್.

ಇದರಲ್ಲಿ ನನ್ನದೇನೂ ಇಲ್ಲ, ಬರೆದುಕೊಂಡದ್ದಷ್ಟೆ. ಶಬ್ದ ಹೇಳುವುದು ಒಂದು, ಅದನ್ನು ಆಡುವವನು ಮಾಡುವುದು ಇನ್ನೊಂದು. ಆ ಸಂದಿಯಲ್ಲಿ ಕಿವಿ ಇಟ್ಟರೆ ಸಾಕು.

ನಿಘಂಟಿಗೂ ನಮ್ಮೂರಿಗೂ ಹಳೇ ನಂಟು ಬೇರೆ ಉಂಟು. ಜರ್ಮನ್ ಪಾದ್ರಿ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದದ್ದು ಮಂಗಳೂರಿನ ಬಾಸೆಲ್ ಮಿಶನ್ನಿನಿಂದ. ಅದರಲ್ಲಿ ಗಾದೆಗಳೂ ಸಿಗುತ್ತವೆ. ಜನ ಶಬ್ದವನ್ನು ಹೇಗೆ ಆಡುತ್ತಾರೆ ಎಂಬುದು ಆ ಪಾದ್ರಿಗೂ ಬೇಕಿತ್ತು. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಜಾನ್ಸನ್ ಇನ್ನೂ ಕಿಲಾಡಿ. 1755ರ ತನ್ನ ಗಂಭೀರ ನಿಘಂಟಿನಲ್ಲೇ ಓಟ್ಸ್ ಎಂದರೆ ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವ, ಸ್ಕಾಟ್ಲೆಂಡಿನಲ್ಲಿ ಜನರೇ ತಿನ್ನುವ ಧಾನ್ಯ ಎಂದು ಬರೆದುಬಿಟ್ಟ. ಸ್ಕಾಟ್ಲೆಂಡಿನವರು ಓಟ್ಸ್ ತಿನ್ನುತ್ತಿದ್ದದ್ದು ಹೌದು. ಹಾಗಾಗಿಯೇ ಅದು ಚುಚ್ಚಿತು. ಸುಳ್ಳಾಗಿದ್ದರೆ ಯಾರೂ ಕ್ಯಾರೇ ಅನ್ನುತ್ತಿರಲಿಲ್ಲ.

ಎಲ್ಲದಕ್ಕೂ ಕುಟುಕಬೇಕೆಂದೇನೂ ಇಲ್ಲ. ಗಡ್‌ಬಡ್: ಉದ್ದ ಗ್ಲಾಸಿನ ತಳದ ಜೆಲ್ಲಿ ತನಕ ತಲುಪಬೇಕಾದರೆ ಸ್ವಲ್ಪವೂ ಗಡಿಬಿಡಿ ಮಾಡಬಾರದ ಐಸ್‌ಕ್ರೀಂ. ಸುಮ್ನೆ ಪ್ರೀತಿಗೆ ಬರೆದದ್ದು.

'ಹೆಂಡತಿಗೆ ಏನು ಬರೀತೀರಿ?' ಎಂದು ಕಣ್ಣು ಮಿಟುಕಿಸುವವರೂ ಜಾಸ್ತಿ. ಬರೆಯುವುದಿಲ್ಲ. ಆ ಜೋಕುಗಳು ಅಜ್ಜನ ಕಾಲಕ್ಕೇ ಹಳಸಿವೆ. ಅದಕ್ಕೆ ನಗುವವರನ್ನು ಒಮ್ಮೆ ನೋಡಿ, ಉಂಡು ಕಾಲು ಚಾಚಿ ಕೂತ ಗಂಡಸರೇ ಅಲ್ವಾ? ಒಳಗೆ ಪಾತ್ರೆ ತೊಳೆಯುವವರು ನಗುವುದನ್ನು ನಾನಂತೂ ಕಂಡಿಲ್ಲ. ಕುಟುಕುವ ಆಸೆ ಇದ್ದರೆ ಮೇಲೆ ಕೂತವರ ಶಬ್ದಗಳೇ ಬೇಕಾದಷ್ಟು ಬಿದ್ದಿವೆ. ಉದ್ಘಾಟನೆ: ಕೆಲಸ ಮುಗಿಯುವ ಮೊದಲು ತೆಗೆಸಿಕೊಳ್ಳುವ ಫೋಟೋ. ಕಾಮಗಾರಿ: ಡಾಮರು ಹಾಕಿದ ಮಾರನೇ ದಿನ ಪೈಪು ನೆನಪಾಗುವುದು.